ಸ್ವಲ್ಪ ಖಾರ ಜಾಸ್ತಿ ಇರಲಿ

ಹೋಟೆಲಿನಲ್ಲಿ ಖಾರದ ನಾಲಿಗೆಯವರನ್ನು ಗುರುತಿಸುವುದು ಕಷ್ಟವಲ್ಲ. ಆರ್ಡರ್ ಹೇಳಿ ಮುಗಿಸಿ, ಸಪ್ಲೈಯರ್ ಎರಡು ಹೆಜ್ಜೆ ಹೋದ ಮೇಲೆ ಮತ್ತೆ ಕರೆಯುತ್ತಾರೆ. ಪಕ್ಕದ ಮೇಜಿಗೆ ಕೇಳಿಸದಷ್ಟು ಮೆಲ್ಲಗೆ, ‘ಸ್ವಲ್ಪ ಖಾರ ಜಾಸ್ತಿ ಇರಲಿ’ ಎನ್ನುತ್ತಾರೆ. ಆತ ‘ಓಕೆ ಸಾರ್, ಸ್ಪೈಸಿ ಮಾಡಿಸ್ತೀನಿ’ ಎಂದು ಒಳಗೆ ಹೋಗುತ್ತಾನೆ. ಮೆನು ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಕೆಂಪು ಮೆಣಸಿನಕಾಯಿಯ ಚಿತ್ರ ಹೊತ್ತಿದ್ದ ವೆಜ್ ಕೊಲ್ಹಾಪುರಿ ಕಾಲು ಗಂಟೆಯಲ್ಲಿ ಮೇಜಿಗೆ ಬರುತ್ತದೆ. ಬಣ್ಣ ಕಡುಗೆಂಪು, ಮೇಲೆ ಎಣ್ಣೆ ತೇಲುತ್ತಿದೆ, ನಡುವೆ ಹುರಿದ ಒಣಮೆಣಸಿನಕಾಯಿಯೊಂದು ಅಲಂಕಾರಕ್ಕೆ ಕೂತಿದೆ. ಬಾಯಿಗಿಟ್ಟರೆ ಟೊಮೆಟೊ, ಗೋಡಂಬಿ, ಚೂರು ಸಕ್ಕರೆ. ‘ಖಾರ ಸರಿಯಿದೆಯಾ ಸಾರ್?’ ಎಂದು ಆತ ಬಂದು ಕೇಳಿದರೆ ಇವರು ‘ಪರವಾಗಿಲ್ಲ’ ಎನ್ನುತ್ತಾರೆ. ಆಮೇಲೆ ಮನೆಗೆ ಹೋಗಿ, ಉಪ್ಪಿನಕಾಯಿ ಹಚ್ಚಿಕೊಂಡು ಎರಡು ತುತ್ತು ಮೊಸರನ್ನ ಉಂಡು ಮಲಗುತ್ತಾರೆ.

ಇಂಥವರು ಸಣ್ಣ ಸಂಖ್ಯೆಯವರೇನಲ್ಲ. ರಾಯಚೂರು, ಬಳ್ಳಾರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬೆಂಗಳೂರಿಗೆ ಬಂದು ನೆಲೆಸಿದವರನ್ನು ಕೇಳಿ ನೋಡಿ. ಊರು ಬಿಟ್ಟ ಮೊದಲ ವರ್ಷದ ದೂರುಗಳಲ್ಲಿ ಮನೆ ಬಾಡಿಗೆ, ಟ್ರಾಫಿಕ್ಕು ಆದ ಮೇಲೆ ಬರುವುದು ಸಾಂಬಾರಿನ ಬೆಲ್ಲ. ದರ್ಶಿನಿಯ ಸಾಂಬಾರು ಅವರ ಪಾಲಿಗೆ ಪಾಯಸದ ದೂರದ ನೆಂಟ. ಇಡ್ಲಿಯನ್ನು ಅದರಲ್ಲಿ ಅದ್ದುವ ಮೊದಲು ಅವರು ಚಟ್ನಿಯನ್ನೊಮ್ಮೆ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅಲ್ಲಾದರೂ ಹಸಿಮೆಣಸಿನಕಾಯಿಯ ಸುಳಿವಿದೆಯೇ ಎಂಬ ಆಸೆ.

ಹೋಟೆಲಿನವರನ್ನು ಬೈದು ಪ್ರಯೋಜನವಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ. ಖಾರ ಹೆಚ್ಚಾಯಿತೆಂದು ತಟ್ಟೆ ವಾಪಸ್ ಕಳಿಸುವವರಿದ್ದಾರೆ. ಖಾರ ಕಡಿಮೆಯಾಯಿತೆಂದು ಕಳಿಸುವವರಿಲ್ಲ. ಐದು ಜನ ಒಂದು ಮೇಜಿಗೆ ಕೂತರೆ ಅದರಲ್ಲೊಂದು ಮಗು, ಒಬ್ಬರು ಅಸಿಡಿಟಿಯವರು, ಒಬ್ಬರು ‘ನಂಗೆ ಖಾರ ಆಗಲ್ಲಪ್ಪ’ ಎನ್ನುವವರು. ಹಂಚಿಕೊಂಡು ತಿನ್ನುವ ಊಟದಲ್ಲಿ ಗೆಲ್ಲುವುದು ಅತಿ ಮೆತ್ತಗಿನ ನಾಲಿಗೆ. ಖಾರದವರು ಅಲ್ಲಿ ಯಾವತ್ತೂ ಅಲ್ಪಮತ. ಇದಕ್ಕೆ ಅಡುಗೆಮನೆಯ ಅನುಕೂಲವೂ ಸೇರುತ್ತದೆ. ಈರುಳ್ಳಿ, ಟೊಮೆಟೊ, ಗೋಡಂಬಿ ಅರೆದು ಬೇಯಿಸಿದ ಗ್ರೇವಿ ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ. ಆರ್ಡರ್ ಬಂದಾಗ ಅದೇ ಗ್ರೇವಿಗೆ ಪನೀರ್ ಬಿದ್ದರೆ ಒಂದು ಹೆಸರು, ಅಣಬೆ ಬಿದ್ದರೆ ಇನ್ನೊಂದು ಹೆಸರು. ಖಾರದ ತೀರ್ಮಾನ ಗಿರಾಕಿ ಬಾಗಿಲು ದಾಟುವ ಮೊದಲೇ ಆಗಿಹೋಗಿದೆ.

ಬೆಂಗಳೂರು-ಮೈಸೂರಿನ ತಿಂಡಿ ಹೋಟೆಲುಗಳ ಹದ ಬಂದದ್ದು ಬಹುಪಾಲು ಉಡುಪಿಯ ದಾರಿಯಲ್ಲಿ. ಆ ಅಡುಗೆಯ ಬೇರು ಮಠ, ದೇವಸ್ಥಾನಗಳ ಪಾಕಶಾಲೆಯಲ್ಲಿದೆ: ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ತೆಂಗಿನಕಾಯಿ ಧಾರಾಳ, ಹುಳಿಗೊಂದು ಚೂರು ಬೆಲ್ಲ. ಯಾವ ಊರಿನ ಯಾತ್ರಿಕ ಬಂದು ಪಂಕ್ತಿಯಲ್ಲಿ ಕೂತರೂ ಒಗ್ಗಬೇಕಾದ ಅಡುಗೆ ಅದು. ಅದೇ ಗುಣದಿಂದ ಅದು ದೇಶವಿಡೀ ಗೆದ್ದಿತು. ಖಾರದವರು ಸೋತದ್ದೂ ಅದೇ ಗುಣದಿಂದ.

ಬಣ್ಣ ನೋಡಿ ಆರ್ಡರ್ ಕೊಡುವವರಂತೂ ಮೋಸಹೋಗುವುದು ಖಂಡಿತ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಇಡೀ ದೇಶದಲ್ಲಿ ಹೆಸರು ತಂದ ಮೆಣಸಿನಕಾಯಿಯ ಹೆಗ್ಗಳಿಕೆ ಇರುವುದು ಅದರ ಬಣ್ಣದಲ್ಲಿ. ಉದ್ದನೆಯ, ಸುಕ್ಕುಗಟ್ಟಿದ, ಕಡುಗೆಂಪಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಡ್ಡಿ, ಡಬ್ಬಿ ಎಂದು ಅದರಲ್ಲಿ ಎರಡು ಬಗೆ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸತ್ವ ತಿನಿಸುಗಳ ಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಖಾರ ಮಾತ್ರ ಸೌಮ್ಯ. ಕುಂದಾಪುರದಿಂದ ಹೊರಟು ಊರೂರು ಸುತ್ತಿದ ಚಿಕನ್ ಘೀ ರೋಸ್ಟ್ ಬೆಂಕಿಯ ಬಣ್ಣದಲ್ಲಿದ್ದರೂ ಮಕ್ಕಳು ಕೂಡ ಬೆರಳು ಚೀಪಿಕೊಂಡು ತಿನ್ನುವುದಕ್ಕೆ ಕಾರಣ ಇದೇ. ಜೊತೆಗೆ ತುಪ್ಪ, ಹುಣಸೆಹುಳಿ. ಸಾರಿನಪುಡಿ ಮಾಡುವ ಮನೆಗಳಲ್ಲಿ ‘ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು’ ಎಂಬ ಮಾತು ಇವತ್ತಿಗೂ ನಡೆಯುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ಆ ಮಾತಿನ ಮೊದಲರ್ಧ ಮಾತ್ರ ಪಾಲನೆಯಾಗುತ್ತದೆ.

ಹಾಗಾದರೆ ಮೇಲಿನಿಂದ ಒಂದಿಷ್ಟು ಖಾರದಪುಡಿ ಹಾಕಿಸಿಕೊಂಡರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ-ಜಿಡ್ಡಿನಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆಯಲ್ಲಿ ಅರೆಗಳಿಗೆ ಬಾಡಿದ ಮೆಣಸಿನಪುಡಿ ಪಲ್ಯದ ಪ್ರತಿ ಹೋಳಿಗೂ ಹತ್ತಿಕೊಳ್ಳುತ್ತದೆ. ತಟ್ಟೆಯ ಮೇಲೆ ಉದುರಿಸಿದ ಹಸಿಪುಡಿ ಗಂಟಲಿಗೆ ಕೆಮ್ಮು ತರಿಸಿ, ಮೂಗಿಗೆ ಘಾಟು ಹೊಡೆಸಿ, ಪಲ್ಯವನ್ನು ಮೊದಲಿನಷ್ಟೇ ಸಪ್ಪೆಯಾಗಿ ಬಿಡುತ್ತದೆ. ಖಾರದವರ ದೊಡ್ಡ ಕೊರಗು ಇದು: ಅವರು ಕೇಳಿದ್ದು ಬೆಂದ ಖಾರ, ಸಿಕ್ಕಿದ್ದು ಹಸಿ ಖಾರ. ಚಿಲ್ಲಿ ಫ್ಲೇಕ್ಸ್ ಪೊಟ್ಟಣ, ಕೆಂಪು ಸಾಸಿನ ಬಾಟಲಿ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿಯ ತಟ್ಟೆ ಎಲ್ಲವೂ ಇದೇ ಕೊರತೆಗೆ ಹಚ್ಚಿದ ತೇಪೆ. ಅವುಗಳಲ್ಲಿ ಹಸಿಮೆಣಸಿನಕಾಯಿಯೇ ವಾಸಿ. ತುತ್ತಿಗೊಮ್ಮೆ ಕಚ್ಚಬಹುದು, ಅದಕ್ಕೆ ತನ್ನದೇ ಆದ ಸೊಗಡಿದೆ.

ಆ ಕಚ್ಚುವಿಕೆಯಲ್ಲಿ ನಡೆಯುವುದು ವಿಚಿತ್ರ. ಖಾರ ರುಚಿಯ ಸಾಲಿಗೆ ಸೇರಿದ್ದಲ್ಲ. ಸಿಹಿ, ಹುಳಿ, ಉಪ್ಪು, ಕಹಿಯನ್ನು ರುಚಿಮೊಗ್ಗುಗಳು ಹಿಡಿದರೆ ಖಾರವನ್ನು ಹಿಡಿಯುವುದು ನೋವಿನ ನರಗಳು. ಅವುಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದಾಗ ಅದು ತೆರೆದುಕೊಳ್ಳುತ್ತದೆ. ಕ್ಯಾಪ್ಸೈಸಿನ್ ತಗುಲಿದರೂ ಅದೇ ಬಾಗಿಲು ತೆರೆಯುತ್ತದೆ. ಹೀಗಾಗಿ ಮಿದುಳಿಗೆ ಹೋಗುವ ಸುದ್ದಿ ‘ಬಾಯಿ ಸುಡುತ್ತಿದೆ’ ಎಂಬುದು. ನೆತ್ತಿ ಬೆವರುತ್ತದೆ, ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್, 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು. ಬಿಸಿ ಬಿಸಿ ಮಿರ್ಚಿಯ ಮೇಲೆ ಬಿಸಿ ಚಹಾ ಕುಡಿದವರಿಗೆ ಆ ಸಂಗತಿ ಬಹಳ ಮೊದಲೇ ಗೊತ್ತಿತ್ತು.

ಹಕ್ಕಿಗಳಿಗೆ ಈ ಉರಿ ತಾಗುವುದಿಲ್ಲ. ಅವುಗಳ ಗ್ರಾಹಕ ಕ್ಯಾಪ್ಸೈಸಿನ್ನಿಗೆ ಓಗೊಡುವುದಿಲ್ಲ. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಯಾರೂ ನೆಡದ ಕಡೆ ಜೀರಿಗೆ ಮೆಣಸಿನ ಗಿಡ ಎದ್ದುನಿಂತಿದ್ದರೆ ಅದು ಹಕ್ಕಿಗಳು ಹಾಕಿದ ಬಿತ್ತನೆ. ಪ್ರಾಣಿಗಳು ದವಡೆಯಲ್ಲಿ ಬೀಜವನ್ನು ಅರೆದು ಹಾಳುಮಾಡುತ್ತವೆ. ಹಕ್ಕಿಗಳು ಹಾಗೇ ನುಂಗಿ ದೂರಕ್ಕೆ ಒಯ್ಯುತ್ತವೆ. ಗಿಡ ಖಾರವನ್ನು ಬೆಳೆಸಿಕೊಂಡದ್ದು ನಮ್ಮಂಥವರನ್ನು ದೂರ ಇಡಲು. ಅದನ್ನು ಹುಡುಕಿಕೊಂಡು ಹೋಗಿ, ದುಡ್ಡು ಕೊಟ್ಟು, ಇನ್ನೂ ಸಾಲದು ಎನ್ನುವ ಪ್ರಾಣಿ ಮನುಷ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಕ್ಸಿಕೋದ ಹಳ್ಳಿಯೊಂದರಲ್ಲಿ ಇದನ್ನೇ ಪರೀಕ್ಷಿಸಿದರು. ದಿನವೂ ಖಾರದ ಎಂಜಲು ತಿಂದು ಬೆಳೆದ ಅಲ್ಲಿನ ನಾಯಿ, ಹಂದಿಗಳು ಕೂಡ ಆಯ್ಕೆ ಕೊಟ್ಟಾಗ ಖಾರವಿಲ್ಲದ್ದನ್ನೇ ಆರಿಸಿಕೊಂಡವು. ಮನುಷ್ಯರಲ್ಲಿ ಹಲವರು ಅತಿ ಹೆಚ್ಚು ಇಷ್ಟಪಡುವ ಖಾರವೆಂದರೆ ತಡೆಯಲಾಗದ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಕೆಳಗಿನದು ಎಂದೂ ಅವರಿಗೆ ಕಂಡಿತು. ತಿನ್ನುತ್ತ ಹೋದಂತೆ ನರಗಳು ಮರಗಟ್ಟುವುದರಿಂದ ಆ ಮೆಟ್ಟಿಲು ಮೇಲೇರುತ್ತ ಹೋಗುತ್ತದೆ. ನಿನ್ನೆ ಕಣ್ಣೀರು ತರಿಸಿದ ಚಟ್ನಿ ಮುಂದಿನ ತಿಂಗಳು ‘ಪರವಾಗಿಲ್ಲ’ ಆಗುವುದು ಹೀಗೆ.

ಪಳಗಿದ ಖಾರಪ್ರಿಯರು ಆದ್ದರಿಂದಲೇ ಮೆನು ಓದುವುದಿಲ್ಲ. ‘ಅಡುಗೆಯವರು ಯಾವ ಊರಿನವರು?’ ಎಂದು ಕೇಳುತ್ತಾರೆ. ಅಡುಗೆಮನೆಯಲ್ಲಿ ಖಾರ ಅಳೆಯುವ ಯಂತ್ರವಿಲ್ಲ, ಅಡುಗೆಯವನ ನಾಲಿಗೆಯೇ ಮಾಪನ.

ಯಂತ್ರಕ್ಕೆ ಮೊದಲು ವಿಜ್ಞಾನವೂ ನಾಲಿಗೆಯನ್ನೇ ನಂಬಿತ್ತು. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಸತ್ವವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ, ರುಚಿ ನೋಡುವವರಿಗೆ ಖಾರ ಗೊತ್ತಾಗದ ಹಂತಕ್ಕೆ ಎಷ್ಟು ಪಟ್ಟು ನೀರು ಬೇಕಾಯಿತೆಂದು ಲೆಕ್ಕ ಹಾಕಿದ. ಈಗ ಪ್ರಯೋಗಾಲಯದ ಯಂತ್ರಗಳು ಆ ಕೆಲಸ ಮಾಡುತ್ತವೆ, ಅಳತೆಯ ಹೆಸರು ಮಾತ್ರ ಅವನದೇ. ಗುಂಟೂರು ಸಣ್ಣಂ ಸುಮಾರು 35ರಿಂದ 40 ಸಾವಿರ ಸ್ಕೋವಿಲ್. ಈಶಾನ್ಯ ಭಾರತದ ಭೂತ್ ಜೋಲೊಕಿಯಾ 10 ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಸೇರಿತು. 2013ರಲ್ಲಿ ಕ್ಯಾರೊಲಿನಾ ರೀಪರ್, 2023ರಲ್ಲಿ ಪೆಪ್ಪರ್ ಎಕ್ಸ್ ಬಂದವು. ಕೊನೆಯದರ ಸರಾಸರಿ 26,93,000.

ಈ ಪೈಪೋಟಿಗೂ ಖಾರದ ಊಟಕ್ಕೂ ಸಂಬಂಧವಿಲ್ಲ. ಕ್ಯಾಮೆರಾ ಮುಂದೆ ರೀಪರ್ ನುಂಗಿ ಒದ್ದಾಡುವವರು ಆಡುತ್ತಿರುವುದು ಬೇರೆ ಆಟ. ಖಾರದ ನಾಲಿಗೆಯವರಿಗೆ ಬೇಕಾದದ್ದು ಅನ್ನದ ಜೊತೆ, ರೊಟ್ಟಿಯ ಜೊತೆ ಕೊನೆಯ ತುತ್ತಿನವರೆಗೂ ಎಳೆದುಕೊಂಡು ಹೋಗುವ ಖಾರ. ಬ್ರಿಟನ್ನಿನ ಕರಿ ಹೋಟೆಲುಗಳು ಇದನ್ನು ಏಣಿ ಮಾಡಿಟ್ಟಿವೆ: ಕೆಳಗೆ ಕೊರ್ಮಾ, ಆಮೇಲೆ ಮದ್ರಾಸ್, ಅದರ ಮೇಲೆ ವಿಂದಾಲೂ, ತುದಿಯಲ್ಲಿ ಫಾಲ್. ಗೋವಾದ ಮನೆಗಳಲ್ಲಿ ವಿನೆಗರ್, ಬೆಳ್ಳುಳ್ಳಿಯ ಹುಳಿಖಾರದ ಹದಕ್ಕೆ ಹೆಸರಾದ ವಿಂದಾಲೂ ಬ್ರಿಟನ್ನಿನಲ್ಲಿ ಗಂಡಸುತನದ ಪರೀಕ್ಷೆಯಾಗಿಹೋಯಿತು. ಅಲ್ಲಿಗೆ ಹೋದ ಕನ್ನಡಿಗರು ಏಣಿ ಹತ್ತಿ ನೋಡಿ, ಮರುಸಲ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಹೋಗುತ್ತಾರೆ.

ಆ ಚಟ್ನಿಪುಡಿಯಲ್ಲೇ ಉತ್ತರವೂ ಇದೆ. ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯ ಯಾವುದಾದರೂ ಖಾನಾವಳಿಗೆ ಹೊಕ್ಕು ಕೂತರೆ ಮೊದಲು ಬರುವುದು ಊಟವಲ್ಲ, ಊಟದ ಪರಿವಾರ. ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ, ಒಂದು ಹಸಿ ಮೆಣಸಿನಕಾಯಿ, ಸೊಪ್ಪು. ನಂತರ ಸ್ಟೀಲಿನ ಹಿಡಿಕೆಗೆ ಜೋಡಿಸಿದ ಬಟ್ಟಲುಗಳನ್ನು ತೂಗಾಡಿಸುತ್ತ ಒಬ್ಬಾತ ಬರುತ್ತಾನೆ. ಒಂದರಲ್ಲಿ ಶೇಂಗಾ ಹಿಂಡಿ, ಒಂದರಲ್ಲಿ ಗುರೆಳ್ಳು ಅಥವಾ ಅಗಸಿ, ಇನ್ನೊಂದರಲ್ಲಿ ಕೆಂಪು ರಂಜಕ. ‘ಖಾರಾ ಹಾಕ್ಲೇನ್ರಿ?’ ಎನ್ನುತ್ತಾನೆ. ‘ಹಾಕ್ರಿ’ ಎಂದರೆ ಒಂದು ಚಮಚ ಬೀಳುತ್ತದೆ. ಕೈ ಅಡ್ಡ ಹಿಡಿದರೆ ಮುಂದಿನ ತಟ್ಟೆಗೆ ಹೋಗುತ್ತಾನೆ. ಎಣ್ಣೆಗಾಯಿಗೆ, ಕಾಳುಪಲ್ಯಕ್ಕೆ ತಮ್ಮದೇ ಖಾರವಿದೆ. ಅದು ಸಾಕೆನ್ನುವವರು ಬೆಣ್ಣೆ, ಮೊಸರಿನ ಜೊತೆ ಉಣ್ಣುತ್ತಾರೆ. ಸಾಲದವರು ರಂಜಕದ ನಡುವೆ ಬೆರಳಿನಿಂದ ಕುಳಿ ಮಾಡಿ ಅದಕ್ಕೆ ಶೇಂಗಾ ಎಣ್ಣೆ ಹೊಯ್ದುಕೊಳ್ಳುತ್ತಾರೆ, ಕಟಕ್ ರೊಟ್ಟಿ ಮುರಿದು ಅದರಲ್ಲಿ ಅದ್ದುತ್ತಾರೆ. ಒಂದೇ ಮೇಜಿನಲ್ಲಿ ಅಜ್ಜ, ಮೊಮ್ಮಗ ಇಬ್ಬರ ಊಟವೂ ಆಗುತ್ತದೆ.

ಆ ರಂಜಕ ಆತುರಕ್ಕೆ ಕಲಸಿದ್ದಲ್ಲ. ಚಳಿಗಾಲದಲ್ಲಿ ಗಿಡದಲ್ಲೇ ಕೆಂಪಾದ ಹಣ್ಣು ಮೆಣಸಿನಕಾಯಿ ಸಂತೆಗೆ ಬಂದಾಗ ತೊಟ್ಟು ತೆಗೆದು, ಒರೆಸಿ, ಬೆಳ್ಳುಳ್ಳಿ, ಮೆಂತ್ಯ, ಉಪ್ಪು, ಹುಳಿ ಸೇರಿಸಿ ರುಬ್ಬಿ ಭರಣಿಗೆ ತುಂಬುತ್ತಾರೆ. ದಿನ ಕಳೆದಂತೆ ಉಪ್ಪು, ಹುಳಿ, ಖಾರ ಒಂದಕ್ಕೊಂದು ಹೊಂದಿಕೊಂಡು ಹಸಿ ಘಾಟು ಇಳಿಯುತ್ತದೆ. ಪಕ್ಕದಲ್ಲಿಟ್ಟ ಖಾರವಾದರೂ ಇದು ಸಪ್ಲೈಯರ್ ಉದುರಿಸಿದ ಪುಡಿಯ ಜಾತಿಯದಲ್ಲ, ತಾನೇ ಒಂದು ಪೂರ್ತಿ ಅಡುಗೆ. ತಟ್ಟೆಯಲ್ಲಿರುವ ಬೆಣ್ಣೆ, ಮೊಸರಿಗೂ ಕೆಲಸವಿದೆ. ಜಿಡ್ಡು ಕ್ಯಾಪ್ಸೈಸಿನ್ನನ್ನು ಕರಗಿಸಿದರೆ, ಹಾಲು-ಮೊಸರಿನ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ನೀರು ಕುಡಿದರೆ ಉರಿ ಬಾಯಿ ತುಂಬ ಹರಡುವುದಷ್ಟೇ.

ದಕ್ಷಿಣಕ್ಕೆ ಬಂದರೆ ಮಂಡ್ಯ-ಮೈಸೂರು ಸೀಮೆಯ ಉಪ್ಸಾರು ಇದೇ ತಿಳಿವಳಿಕೆಯ ಮತ್ತೊಂದು ರೂಪ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟು ಬರೀ ಉಪ್ಪಿನದು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು ಅರೆದ ಖಾರ ತಟ್ಟೆಯ ಅಂಚಿನಲ್ಲಿ ಬೇರೆಯೇ ಕೂತಿರುತ್ತದೆ. ಮುದ್ದೆಯ ತುತ್ತಿಗೆ ಎಷ್ಟು ಬೇಕೋ ಅಷ್ಟನ್ನು ಕಟ್ಟಿನಲ್ಲಿ ಕದಡಿಕೊಳ್ಳುವುದು ಉಣ್ಣುವವರ ಕೆಲಸ. ಇಷ್ಟು ಚೆನ್ನಾಗಿ ಖಾರವನ್ನು ಬಿಡಿಸಿಟ್ಟ ಅಡುಗೆ ನಗರದ ಹೋಟೆಲುಗಳಲ್ಲಿ ಅಪರೂಪಕ್ಕೆ ಸಿಗುತ್ತದೆ ಎನ್ನುವುದೇ ಬೇಸರದ ಸಂಗತಿ.

ಗಡಿಯಾಚೆಗೂ ಈ ಉಪಾಯ ಬಲ್ಲವರಿದ್ದಾರೆ. ನಿಜವಾದ ಕೊಲ್ಹಾಪುರದಲ್ಲಿ ಮಾಂಸದ ಥಾಳಿಯ ಜೊತೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಎರಡೂ ಬರುತ್ತವೆ: ಒಂದು ಕೆಂಪು, ಉರಿಯುವಂಥದ್ದು, ಇನ್ನೊಂದು ಬಿಳಿ, ತೆಂಗಿನಹಾಲಿನ ಸೌಮ್ಯದ್ದು. ಬೆಳಗಾವಿಯವರಿಗೆ ಈ ಜೋಡಿ ಹೊಸದಲ್ಲ. ಅಲ್ಲಿನ ಮಿಸಳ್‌ಗೆ ಮೇಲೆ ಹೊಯ್ಯುವ ಖಾರದ ಕಟ್ ಬೇರೆ ಪಾತ್ರೆಯಲ್ಲಿರುತ್ತದೆ. ಬೆಂಗಳೂರಿನ ಆಂಧ್ರ ಊಟದ ಹೋಟೆಲುಗಳಲ್ಲಿ ಬಾಳೆಎಲೆಗೆ ಅನ್ನ ಬಿದ್ದ ಕೂಡಲೇ ಪಪ್ಪಿನ ಪುಡಿ, ತುಪ್ಪ, ಆವಕಾಯಿ, ಗೋಂಗುರ ಕೈಗೆಟಕುವಂತೆ ಬರುತ್ತವೆ. ಮಧ್ಯಾಹ್ನ ಅಲ್ಲಿ ಸಾಲುಗಟ್ಟುವವರಲ್ಲಿ ತೆಲುಗರಷ್ಟೇ ಇರುವುದಿಲ್ಲ. ಥಾಯ್ಲೆಂಡಿನ ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಪುಟ್ಟ ಡಬ್ಬಿಗಳು ಖಾಯಂ: ಹುರಿದ ಮೆಣಸಿನಪುಡಿ, ವಿನೆಗರಿನಲ್ಲಿ ನೆನೆದ ಮೆಣಸಿನಕಾಯಿ, ಮೀನಿನ ಸಾಸು, ಸಕ್ಕರೆ. ತಮ್ಮ ಬಟ್ಟಲಿನ ಕೊನೆಯ ಹದ ಮಾಡಿಕೊಳ್ಳುವುದು ತಿನ್ನುವವರ ಹಕ್ಕು ಎಂದು ಅಲ್ಲಿ ಅಡುಗೆಯವರು ಒಪ್ಪಿಕೊಂಡಿದ್ದಾರೆ.

ಇಷ್ಟಾದರೂ ಖಾರವೇ ನಮ್ಮ ಹಳೆಯ ಸಂಪ್ರದಾಯವೆಂದು ಎದೆ ತಟ್ಟಿಕೊಳ್ಳುವಂತಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಗೋವಾ ಹಿಡಿದದ್ದು 1510ರಲ್ಲಿ. ಅದಕ್ಕೂ ಮೊದಲು ನಮ್ಮ ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಎಷ್ಟೋ ಮನೆಗಳಲ್ಲಿ ತಿಥಿಯ ಅಡುಗೆಗೆ ಇವತ್ತಿಗೂ ಒಣಮೆಣಸಿನಕಾಯಿ ಸೇರಿಸದೆ ಕಾಳುಮೆಣಸನ್ನೇ ಹಾಕುವುದು ಆ ಕಾಲದ ಗುರುತು. ಐನೂರು ವರ್ಷದಲ್ಲಿ ಹೊಸಬ ಮನೆಯ ಯಜಮಾನನಾದ.

ಖಾರದವರಿಗೆ ಒಂದು ಸಲಹೆ: ‘ಖಾರ ಜಾಸ್ತಿ ಹಾಕಿ’ ಎನ್ನುವುದನ್ನು ಬಿಟ್ಟುಬಿಡಿ, ಆ ಮಾತಿನಿಂದ ಬರುವುದು ಹಸಿಪುಡಿ ಮಾತ್ರ. ಅದರ ಬದಲು ‘ಕೆಂಪು ಚಟ್ನಿ ಇದೆಯಾ? ರಂಜಕ ಇದೆಯಾ? ಸಿಬ್ಬಂದಿಯ ಊಟಕ್ಕೆ ಮಾಡಿಕೊಂಡ ಖಾರ ಏನಾದರೂ ಇದೆಯಾ?’ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದುಂಟು. ಅಡುಗೆಮನೆಯ ಹುಡುಗರು ಗಿರಾಕಿಯ ಸಪ್ಪೆ ಗ್ರೇವಿಯನ್ನು ತಾವು ಉಣ್ಣುವುದಿಲ್ಲ.

ಇನ್ನು ಹೋಟೆಲ್ ಮಾಲೀಕರಲ್ಲಿ ವಿನಂತಿ. ನಿಮ್ಮ ಸಾಂಬಾರಿನ ಬೆಲ್ಲ ಬಿಡಿ ಎನ್ನುವುದಿಲ್ಲ, ಅದನ್ನು ಇಷ್ಟಪಡುವವರೇ ಹೆಚ್ಚು. ಆದರೆ ಮೇಜಿನ ಮೇಲೆ ಟೊಮೆಟೊ ಸಾಸಿನ ಬಾಟಲಿಗೆ ಜಾಗವಿರುವಾಗ ಅದರ ಪಕ್ಕದಲ್ಲಿ ಒಂದು ಬಟ್ಟಲು ರಂಜಕವನ್ನೋ, ಉಪ್ಸಾರಿನ ಖಾರವನ್ನೋ, ಶೇಂಗಾ ಹಿಂಡಿಯನ್ನೋ ಇಡುವುದು ಕಷ್ಟವಲ್ಲ. ಅದನ್ನು ಬೆಳ್ಳುಳ್ಳಿ, ಎಣ್ಣೆ ಹಾಕಿ ಸರಿಯಾಗಿ ಮಾಡಿಸಿ, ದಿನಕ್ಕೊಮ್ಮೆ ಬಟ್ಟಲು ತೊಳೆಸಿ. ಬೇಕಿದ್ದರೆ ಬೇರೆ ದುಡ್ಡು ತೆಗೆದುಕೊಳ್ಳಿ. ಖಾರದವರು ಅದಕ್ಕೆ ಚೌಕಾಸಿ ಮಾಡುವುದಿಲ್ಲ.